ತನ್ನದಲ್ಲದ ನೆಲದ ಪಾರುಪತ್ಯ

'ಪಾರುಪತ್ಯಗಾರ' ಎಂಬ ಶಬ್ದ ಇಂದಿನ ತರುಣರ ಕಿವಿಗೆ ಹಳತಾಗಿ ಕೇಳಿಸಬಹುದು. ಆದರೆ ನಮ್ಮ ಅಜ್ಜಂದಿರ ಕಾಲಕ್ಕೆ ಅದು ಊರೂರಿನಲ್ಲಿ ಬಳಕೆಯಲ್ಲಿದ್ದ ಮಾತು. ಧಣಿಗಳು ದೂರದ ಪಟ್ಟಣದಲ್ಲಿದ್ದಾಗ ಅವರ ಗದ್ದೆ ತೋಟಗಳನ್ನು ನೋಡಿಕೊಳ್ಳುತ್ತಿದ್ದವನೇ ಪಾರುಪತ್ಯಗಾರ. ಕಣಜದ ಬೀಗದ ಕೈ ಅವನ ಸೊಂಟದಲ್ಲಿ. ಲೆಕ್ಕದ ಪುಸ್ತಕ ಅವನ ಕಂಕುಳಲ್ಲಿ. ಗದ್ದೆಯ ಬದು ಒಡೆದರೆ ಮೊದಲು ತಿಳಿಯುವುದು ಅವನಿಗೆ. ಬೇಲಿ ಬಿದ್ದರೆ ಮೊದಲು ಓಡುವವನೂ ಅವನೇ. ಇಷ್ಟಾಗಿಯೂ ಆ ನೆಲದ ಒಂದು ಹಿಡಿ ಮಣ್ಣೂ ಅವನದಲ್ಲ. ಒಡೆಯನು ಬಂದು ಲೆಕ್ಕ ಕೇಳುವ ದಿನವೊಂದಿದೆ ಎಂಬ ಅರಿವೇ ಅವನ ದುಡಿಮೆಯ ಮೂಲ. ಸುವಾರ್ತೆಯ ಸಾಮತಿಗಳಲ್ಲಿ ಈ ಮನುಷ್ಯ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ.

ಉಳುವವನೇ ಹೊಲದೊಡೆಯನಾದ ಮೇಲೆ ನಮ್ಮಲ್ಲಿ ಪಾರುಪತ್ಯಗಾರರು ಮರೆಯಾದರು. ಆದರೆ ಪಶ್ಚಿಮದ ಕೆಲವು ದೇಶಗಳಲ್ಲಿ ಅದೇ ಹಳೆಯ ಹುದ್ದೆ ಹೊಸ ರೂಪದಲ್ಲಿ ಮರಳಿ ಬಂದಿದೆ. ಕಡಲ ತೀರದ ನಿಸರ್ಗಧಾಮಗಳನ್ನು ಕಾಯುವ ಮನುಷ್ಯನನ್ನು ಅಲ್ಲಿ 'ಲ್ಯಾಂಡ್ ಸ್ಟೀವರ್ಡ್' ಎಂದೂ 'ವಾರ್ಡನ್' ಎಂದೂ ಕರೆಯುತ್ತಾರೆ. ಹೆಸರು ಯಾವುದೇ ಇರಲಿ, ಕೆಲಸ ಒಂದೇ. ಹೊರಗಿನಿಂದ ಬಂದು ಹಬ್ಬಿದ ಕಳೆಯನ್ನು ಕೀಳುವುದು, ಸ್ಥಳೀಯ ಗಿಡಗಳ ಸಸಿ ಮಾಡಿ ನೆಡುವುದು, ಮರಳು ದಿಬ್ಬಗಳ ಮೇಲೆ ಕಾಲುದಾರಿ ಬೀಳದಂತೆ ಹಗ್ಗ ಕಟ್ಟುವುದು, ಹಕ್ಕಿಗಳು ಮೊಟ್ಟೆಯಿಡುವ ಋತುವಿನಲ್ಲಿ ನಾಯಿಯನ್ನು ಕಟ್ಟಿಕೊಂಡು ಬನ್ನಿರೆಂದು ಬಂದವರಿಗೆ ತಾಳ್ಮೆಯಿಂದ ತಿಳಿಹೇಳುವುದು, ಸಂಜೆ ಕುಳಿತು ಆ ದಿನ ಕಂಡದ್ದನ್ನು ದಾಖಲಿಸುವುದು. ಹೊರಗಿನಿಂದ ನೋಡಿದವರಿಗೆ ಇದು ಸಮುದ್ರದ ಗಾಳಿ ಸೇವಿಸುತ್ತ ತಿರುಗಾಡುವ ಸುಖದ ನೌಕರಿಯಂತೆ ಕಂಡೀತು. ಅದರ ಒಳಗಿರುವ ಹೊಣೆ ಎಂಥದ್ದೆಂಬುದನ್ನು ತಿಳಿಯಬೇಕಾದರೆ ಅಟ್ಲಾಂಟಿಕ್ ಸಾಗರದ ನಡುವಿನ ಒಂದು ಪುಟ್ಟ ದ್ವೀಪದ ಕಥೆಯನ್ನು ಕೇಳಬೇಕು.

ದೆವ್ವಗಳ ದ್ವೀಪ

ಅಮೆರಿಕದ ಪೂರ್ವ ಕರಾವಳಿಯಿಂದ ಸುಮಾರು 1,000 ಕಿಲೋಮೀಟರ್ ದೂರದಲ್ಲಿ ಬರ್ಮುಡಾ ಎಂಬ ದ್ವೀಪಸಮೂಹವಿದೆ. ಇಂದಿಗೂ ಅದು ಬ್ರಿಟನ್ನಿನ ಅಧೀನದಲ್ಲಿರುವ ಪ್ರದೇಶ. ಹದಿನಾರನೆಯ ಶತಮಾನದಲ್ಲಿ ಆ ದಾರಿಯಾಗಿ ಹಾದುಹೋಗುತ್ತಿದ್ದ ಸ್ಪೇನಿನ ನಾವಿಕರು ಅಲ್ಲಿ ಇಳಿಯಲು ಅಂಜುತ್ತಿದ್ದರು. ರಾತ್ರಿಯಾದೊಡನೆ ದ್ವೀಪದ ಕಡೆಯಿಂದ ಸಾವಿರಾರು ಕಂಠಗಳ ವಿಕಾರವಾದ ಕೂಗು ಕೇಳಿಬರುತ್ತಿತ್ತು. ಅವರು ಅದಕ್ಕೆ ದೆವ್ವಗಳ ದ್ವೀಪವೆಂದೇ ಹೆಸರಿಟ್ಟರು. ನಿಜದಲ್ಲಿ ಅದು ಪೆಟ್ರೆಲ್ ಜಾತಿಯ ಒಂದು ಕಡಲಹಕ್ಕಿಯ ದನಿ. ಆ ಕೂಗಿನಿಂದಲೇ ಹಕ್ಕಿಗೆ 'ಕಹೌ' ಎಂಬ ಹೆಸರು ಬಂತು. ಈ ಹಕ್ಕಿ ಹಗಲಿನಲ್ಲಿ ನೆಲಕ್ಕಿಳಿಯುವುದಿಲ್ಲ. ಕತ್ತಲಾದ ಮೇಲೆಯೇ ಗೂಡಿಗೆ ಬರುತ್ತದೆ. ಮರಗಳ ನೆರಳಿನ ಮೆತ್ತನೆಯ ಮಣ್ಣಿನಲ್ಲಿ ಬಿಲ ತೋಡಿ ವರ್ಷಕ್ಕೆ ಒಂದೇ ಒಂದು ಮೊಟ್ಟೆಯಿಡುತ್ತದೆ. ಪ್ರಪಂಚದಲ್ಲಿ ಬರ್ಮುಡಾದ ಹೊರತು ಬೇರೆಲ್ಲಿಯೂ ಅದು ಗೂಡು ಮಾಡುವುದಿಲ್ಲ.

ಮನುಷ್ಯನನ್ನು ಕಂಡರಿಯದ ಈ ಹಕ್ಕಿಗೆ ಅಂಜಿಕೆಯೆಂಬುದೇ ಇರಲಿಲ್ಲ. ಸ್ಪೇನಿನವರು ಬಿಟ್ಟುಹೋದ ಹಂದಿಗಳು ಬಿಲಗಳನ್ನು ಅಗೆದು ಮೊಟ್ಟೆ ಮರಿಗಳನ್ನು ತಿಂದವು. 1609ರಲ್ಲಿ 'ಸೀ ವೆಂಚರ್' ಎಂಬ ಆಂಗ್ಲ ನೌಕೆ ಅಲ್ಲಿನ ಬಂಡೆಗಳಿಗೆ ಅಪ್ಪಳಿಸಿತು. 1612ರಿಂದ ಇಂಗ್ಲೆಂಡಿನ ವಲಸಿಗರು ಅಲ್ಲಿ ನೆಲೆಸಿದರು. ಅವರೊಂದಿಗೆ ಇಲಿ, ಬೆಕ್ಕು, ನಾಯಿಗಳೂ ಬಂದವು. ಕ್ಷಾಮದ ದಿನಗಳಲ್ಲಿ ಹಸಿದ ಜನ ಕೈಗೆ ಸಿಕ್ಕಷ್ಟು ಕಹೌಗಳನ್ನು ಹಿಡಿದು ಬೇಯಿಸಿದರು. ಕಹೌ ಹಕ್ಕಿಯ ನಾಶವನ್ನು ನಿಲ್ಲಿಸಬೇಕೆಂದು ಅಲ್ಲಿನ ರಾಜ್ಯಪಾಲರು ಆ ಕಾಲದಲ್ಲಿಯೇ ಒಂದು ಘೋಷಣೆ ಹೊರಡಿಸಿದ್ದು ಗಮನಾರ್ಹ. ವನ್ಯಜೀವಿಗಳ ರಕ್ಷಣೆಗಾಗಿ ಹೊರಟ ಅತ್ಯಂತ ಹಳೆಯ ಆಜ್ಞೆಗಳಲ್ಲಿ ಅದೂ ಒಂದು. ಆದರೆ ಕಾಯುವವನಿಲ್ಲದ ಆಜ್ಞೆ ಬರಿಯ ಕಾಗದ. 1620ರ ದಶಕದ ಹೊತ್ತಿಗೆ ಕಹೌ ಕಣ್ಮರೆಯಾಯಿತು. ಮುಂದೆ ಸುಮಾರು 300 ವರ್ಷಗಳ ಕಾಲ ಅದು ಅಳಿದುಹೋದ ಜೀವಿಗಳ ಪಟ್ಟಿಯಲ್ಲಿತ್ತು.

ಹದಿನೈದರ ಹುಡುಗ

ಇಪ್ಪತ್ತನೆಯ ಶತಮಾನದ ಆರಂಭದಿಂದ ಅಲ್ಲೊಂದು ಇಲ್ಲೊಂದು ಸುಳಿವು ಸಿಗತೊಡಗಿತು. ಕೊನೆಗೆ 1951ರ ಜನವರಿ 28ರಂದು ಅಮೆರಿಕದ ಪಕ್ಷಿಶಾಸ್ತ್ರಜ್ಞ ರಾಬರ್ಟ್ ಕುಶ್‌ಮನ್ ಮರ್ಫಿ ಮತ್ತು ಬರ್ಮುಡಾದ ಲೂಯಿಸ್ ಮೌಬ್ರೆ ಅವರು ಕ್ಯಾಸಲ್ ಹಾರ್ಬರ್ ಎಂಬ ಕೊಲ್ಲಿಯ ಬಾಯಲ್ಲಿರುವ ಬೋಳು ಬಂಡೆಯೊಂದನ್ನು ಹತ್ತಿ, ಬಿಲದ ಆಳದಿಂದ ಒಂದು ಹಕ್ಕಿಯನ್ನು ಮೆಲ್ಲನೆ ಹೊರತೆಗೆದರು. ಅದು ಕಹೌ! ಅಂದು ಅವರ ಜೊತೆಯಲ್ಲಿ ಡೇವಿಡ್ ವಿಂಗೇಟ್ ಎಂಬ 15 ವರ್ಷದ ಸ್ಥಳೀಯ ಶಾಲಾ ಬಾಲಕನಿದ್ದ. ಹಿರಿಯರಿಬ್ಬರಿಗೆ ಅದು ಶೋಧನೆಯ ಶಿಖರವಾಯಿತು. ಹುಡುಗನಿಗೆ ಬದುಕಿನ ಆರಂಭವಾಯಿತು.

ವಿಂಗೇಟ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ ಊರಿಗೆ ಮರಳಿದರು. ಆರಂಭದ ವರ್ಷಗಳ ಎಣಿಕೆಯಲ್ಲಿ ಸಿಕ್ಕಿದ್ದು ಒಟ್ಟು 18 ಜೋಡಿ ಹಕ್ಕಿಗಳು ಮಾತ್ರ. ಓದುಗರು ಈ ಸಂಖ್ಯೆಯನ್ನು ಒಂದು ಕ್ಷಣ ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು. ವರ್ಷಕ್ಕೆ ಒಂದೇ ಮೊಟ್ಟೆ; ಆ ಮೊಟ್ಟೆಯೊಡೆದು ಮರಿಯಾಗುವ ಭರವಸೆಯಿಲ್ಲ; ಮರಿ ಹಾರಿದರೂ ಮರಳುವ ಖಾತ್ರಿಯಿಲ್ಲ. ಒಂದು ಇಡೀ ಜೀವಕುಲದ ಭಾರ ಕೆಲವೇ ಬಂಡೆಗಳ ಮೇಲೆ ನಿಂತಿತ್ತು. 1966ರಲ್ಲಿ ಬರ್ಮುಡಾ ಸರಕಾರ ವಿಂಗೇಟ್ ಅವರನ್ನು ತನ್ನ ಮೊದಲ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಿತು. 2000ದಲ್ಲಿ ನಿವೃತ್ತರಾಗುವವರೆಗೆ ಅವರು ಆ ಹೊಣೆಯನ್ನು ಹೊತ್ತರು.

ಬೋಳು ನೆಲದಲ್ಲಿ ಕಾಡು

ಕಹೌಗಳು ಉಳಿದುಕೊಂಡಿದ್ದ ಬಂಡೆಗಳ ಸಮೀಪದಲ್ಲಿಯೇ ನಾನ್‌ಸಚ್ ಎಂಬ, ಸುಮಾರು 14 ಎಕರೆ ವಿಸ್ತೀರ್ಣದ ದ್ವೀಪವಿದೆ. 1865ರಿಂದ ಅದು ಹಳದಿ ಜ್ವರದ ರೋಗಿಗಳನ್ನು ಬೇರ್ಪಡಿಸಿ ಇರಿಸುವ ಆಸ್ಪತ್ರೆಯ ತಾಣವಾಗಿತ್ತು. 1930ರ ದಶಕದಲ್ಲಿ ವಿಲಿಯಂ ಬೀಬಿ ಎಂಬ ವಿಜ್ಞಾನಿ ಅದನ್ನೇ ನೆಲೆಯಾಗಿ ಮಾಡಿಕೊಂಡು ಉಕ್ಕಿನ ಗೋಲವೊಂದರಲ್ಲಿ ಕುಳಿತು ಆಳ ಸಮುದ್ರಕ್ಕೆ ಇಳಿದಿದ್ದರು. ಬಳಿಕ ದಾರಿತಪ್ಪಿದ ಬಾಲಕರ ಸುಧಾರಣಾ ಶಾಲೆಯೂ ಅಲ್ಲಿ ನಡೆಯಿತು. ಇದರ ಮೇಲೆ 1940ರ ದಶಕದಲ್ಲಿ ಮತ್ತೊಂದು ಅನಾಹುತ ಬಂತು. ಹೊರನಾಡಿನಿಂದ ಸಸಿಗಳ ಜೊತೆ ಬಂದ ಶಲ್ಕಕೀಟಗಳು ಬರ್ಮುಡಾದ ಹೆಮ್ಮೆಯಾಗಿದ್ದ ಸೀಡರ್ ಮರಗಳಿಗೆ ಹತ್ತಿದವು. ಹತ್ತಾರು ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮರಗಳು ಒಣಗಿ ನಿಂತವು. 1960ರ ದಶಕದ ಆರಂಭದಲ್ಲಿ ವಿಂಗೇಟ್ ತಮ್ಮ ಪತ್ನಿಯೊಂದಿಗೆ ನಾನ್‌ಸಚ್‌ನಲ್ಲಿ ಬಿಡಾರ ಹೂಡಿದಾಗ ಅವರ ಕಣ್ಣಿಗೆ ಬಿದ್ದದ್ದು ಸತ್ತ ಮರಗಳ ಬಿಳಿಯ ಅಸ್ಥಿಪಂಜರಗಳು. ದೋಣಿಯ ಹೊರತು ಅಲ್ಲಿಗೆ ದಾರಿಯಿರಲಿಲ್ಲ.

ಹಕ್ಕಿ ಇರುವುದು ಪಕ್ಕದ ಬಂಡೆಗಳಲ್ಲಿ. ಆದರೆ ಪಾರುಪತ್ಯಗಾರನು ಬಂದು ನಿಂತದ್ದು ಹಕ್ಕಿಯೇ ಇಲ್ಲದ ದ್ವೀಪದಲ್ಲಿ. ಇದೇಕೆ? ವಿಂಗೇಟ್ ಅವರ ತರ್ಕ ಸರಳವಾಗಿತ್ತು. ಬಂಡೆ ಕಹೌವಿನ ಮನೆಯಲ್ಲ, ಅದರ ಗಡೀಪಾರಿನ ತಾಣ. ಅದಕ್ಕೆ ಬೇಕಾದದ್ದು ಮಣ್ಣು. ಮಣ್ಣನ್ನು ಹಿಡಿದಿಡಲು ಬೇಕಾದದ್ದು ಕಾಡು. ಎಂದೋ ಒಂದು ದಿನ ಹಕ್ಕಿ ತನ್ನ ಮನೆಗೆ ಮರಳುವುದಾದರೆ, ಅಷ್ಟರೊಳಗೆ ಆ ಮನೆ ಸಿದ್ಧವಾಗಿರಬೇಕು. ಮನುಷ್ಯ ಕಾಲಿಡುವ ಮೊದಲು ಬರ್ಮುಡಾ ಹೇಗಿತ್ತೋ ಹಾಗೆ ಈ ದ್ವೀಪವನ್ನು ಮರಳಿ ರೂಪಿಸುವೆನೆಂದು ಅವರು ಸಂಕಲ್ಪಿಸಿದರು.

ಸೀಡರ್, ಬೀಸಣಿಗೆಯಂಥ ಎಲೆಗಳ ಪಾಲ್ಮೆಟೊ ಮೊದಲಾದ ಸ್ಥಳೀಯ ಗಿಡಮರಗಳ ಸಾವಿರಾರು ಸಸಿಗಳನ್ನು ನೆಟ್ಟದ್ದಾಯಿತು. ಆದರೆ ತಡೆಯಿಲ್ಲದೆ ಬೀಸುವ ಉಪ್ಪುಗಾಳಿಗೆ ಎಳೆಯ ಸಸಿಗಳು ನಿಲ್ಲಬೇಕಲ್ಲ? ಅದಕ್ಕಾಗಿ ಅವರು ಬೇಗನೆ ಬೆಳೆಯುವ ಕ್ಯಾಸುರಿನಾ ಮರಗಳನ್ನು ಗಾಳಿತಡೆಯಾಗಿ ಬೆಳೆಸಿದರು. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕಡಲ ದಂಡೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನೆಡುತ್ತ ಬಂದಿರುವ ಗಾಳಿಮರವೇ ಅದು. ನಮ್ಮಲ್ಲಿಯಂತೆ ಅಲ್ಲಿಯೂ ಅದು ಹೊರಗಿನಿಂದ ಬಂದ ಮರ. ಬಿರುಗಾಳಿಗೆ ಬುಡಸಮೇತ ಉರುಳಿ ದಂಡೆಯ ಕಲ್ಲುಮಣ್ಣನ್ನೂ ಕಿತ್ತುಕೊಂಡು ಹೋಗುವ ದೋಷ ಅದಕ್ಕಿದೆ. ಸ್ಥಳೀಯ ಗಿಡಗಳು ತಮ್ಮ ಕಾಲ ಮೇಲೆ ನಿಂತಾಗ ವಿಂಗೇಟ್ ತಾವೇ ಬೆಳೆಸಿದ ಕ್ಯಾಸುರಿನಾವನ್ನು ತಾವೇ ತೆಗೆದರು. ನಾವು ಕಟ್ಟಡಗಳಿಗೆ ಸಾರುವೆ ಕಟ್ಟಲು ಬಳಸುವ ಮರ ಅಲ್ಲಿ ಒಂದು ಕಾಡಿಗೇ ಸಾರುವೆಯಾಯಿತು. ಗೋಡೆ ಎದ್ದ ಮೇಲೆ ಸಾರುವೆಯನ್ನು ಬಿಚ್ಚಬೇಕು. ತಾನು ಬೆಳೆಸಿದ್ದೆಂಬ ಮೋಹಕ್ಕೆ ಅದನ್ನು ಉಳಿಸಿಕೊಳ್ಳುವವನು ಒಡೆಯನಾಗಲು ಹೊರಟವನೇ ಹೊರತು ಪಾರುಪತ್ಯಗಾರನಲ್ಲ.

ಕಾಡೆಂದರೆ ಮರಗಳಷ್ಟೇ ಅಲ್ಲ. ಮಳೆನೀರು ನಿಲ್ಲುವ ಕೊಳವೊಂದನ್ನೂ ಉಪ್ಪುನೀರಿನ ಕೊಳವೊಂದನ್ನೂ ದ್ವೀಪದಲ್ಲಿ ತೋಡಲಾಯಿತು. ನೆಲದ ಏಡಿಗಳು ಮಿತಿಮೀರಿ ಹೆಚ್ಚಿದ್ದವು. ಅವನ್ನು ತಿನ್ನುತ್ತಿದ್ದ ಸ್ಥಳೀಯ ಇರುಳು ಬಕ ಎಂದೋ ಅಳಿದುಹೋಗಿತ್ತು. 1976ರಿಂದ 1978ರವರೆಗೆ ಫ್ಲಾರಿಡಾದಿಂದ ಅದೇ ಬಳಗದ ಬಕದ ಮರಿಗಳನ್ನು ತರಿಸಿ, ಏಡಿಯ ಮಾಂಸ ತಿನ್ನಿಸಿಯೇ ಬೆಳೆಸಿ ಹಾರಿಬಿಟ್ಟರು. ಅವು ಅಲ್ಲಿ ನೆಲೆಯೂರಿದವು. ಸನ್ಯಾಸಿ ಏಡಿಗಳಿಗೆ ಮನೆಯಾಗುವ ದೊಡ್ಡ ಶಂಖದ ಹುಳು ಬರ್ಮುಡಾದಿಂದ ಮರೆಯಾಗಿತ್ತು. ಅದನ್ನೂ ಹೊರಗಿನಿಂದ ತಂದು ಬಿಟ್ಟರು. ಒಂದು ಕೊಂಡಿ ಕಳಚಿದಲ್ಲಿ ಇಡೀ ಸರಪಳಿ ಹೇಗೆ ಸಡಿಲವಾಗುತ್ತದೆಂಬುದನ್ನು ಬಲ್ಲವನಿಗೆ ಮಾತ್ರ ಇಂಥ ಕೆಲಸ ಸಾಧ್ಯ.

ಕೆಲವೇ ಮಿಲಿಮೀಟರ್

ಇತ್ತ ಬಂಡೆಗಳ ಮೇಲಿನ ಹಕ್ಕಿಗಳನ್ನು ಅಲ್ಲಿಯವರೆಗೆ ಬದುಕಿಸಿಡಬೇಕಿತ್ತು. ಬಂಡೆಯಲ್ಲಿ ಮಣ್ಣಿಲ್ಲದ ಕಾರಣ ಕಹೌಗಳು ಕಲ್ಲಿನ ಪೊಟರೆಗಳನ್ನು ಆಶ್ರಯಿಸಿದ್ದವು. ಆದರೆ ಆ ಪೊಟರೆಗಳು ಉದ್ದಬಾಲದ ಮತ್ತೊಂದು ಕಡಲಹಕ್ಕಿಯ ವಾಡಿಕೆಯ ಗೂಡುಗಳು. ಕಹೌ ಜನವರಿಯಲ್ಲಿ ಮೊಟ್ಟೆಯಿಡುತ್ತದೆ, ಮಾರ್ಚಿನಲ್ಲಿ ಮರಿಯಾಗುತ್ತದೆ, ತಂದೆತಾಯಿಗಳು ಆಹಾರಕ್ಕಾಗಿ ದೂರ ಸಮುದ್ರಕ್ಕೆ ಹೋಗುತ್ತವೆ. ಅದೇ ಸಮಯಕ್ಕೆ ಬರುವ ಉದ್ದಬಾಲದ ಹಕ್ಕಿ ಒಂಟಿಯಾಗಿರುವ ಮರಿಯನ್ನು ಕುಕ್ಕಿ ಕೊಂದು ಗೂಡು ಹಿಡಿಯುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಅತ್ಯಂತ ಸರಳ. ಬಿಲದ ಬಾಯಿಗೆ ಒಂದು ಮರದ ಹಲಗೆ. ಹಲಗೆಯಲ್ಲಿ ಒಂದು ರಂಧ್ರ. ಕಹೌ ನುಸುಳುವಷ್ಟು ದೊಡ್ಡದು, ಉದ್ದಬಾಲದ ಹಕ್ಕಿ ನುಸುಳಲಾರದಷ್ಟು ಚಿಕ್ಕದು. ಎರಡರ ನಡುವಿನ ಅಂತರ ಕೆಲವೇ ಮಿಲಿಮೀಟರ್. ಒಂದು ಜೀವಕುಲದ ಅಳಿವು ಉಳಿವು ಬಡಗಿಯ ಕೈಯ ಅಷ್ಟು ಸಣ್ಣ ಅಳತೆಯಲ್ಲಿ ಅಡಗಿತ್ತು! ಸಾಲದಾದಾಗ ವಿಂಗೇಟ್ ಸಿಮೆಂಟಿನಿಂದ ಕೃತಕ ಬಿಲಗಳನ್ನೇ ಕಟ್ಟಿಕೊಟ್ಟರು. ಅಲೆ ಅಪ್ಪಳಿಸುವ ಕಡಿದಾದ ಬಂಡೆಗೆ ಸಿಮೆಂಟಿನ ಮೂಟೆಯೊಂದಿಗೆ ದೋಣಿಯಿಂದ ನೆಗೆಯುವುದೆಂದರೆ ಏನೆಂಬುದನ್ನು ನಮ್ಮ ಮೊಗವೀರ ಬಂಧುಗಳಿಗೆ ವಿವರಿಸಬೇಕಾಗಿಲ್ಲ.

ಹಲಗೆಯಿಂದ ತಡೆಯಲಾಗದ ಶತ್ರುವೂ ಇತ್ತು. ಬಿಲಗಳಲ್ಲಿ ಒಡೆಯದ ಮೊಟ್ಟೆಗಳು ಹೆಚ್ಚುತ್ತಿರುವುದನ್ನು ವಿಂಗೇಟ್ ವರ್ಷ ವರ್ಷ ಬರೆದಿಡುತ್ತಿದ್ದರು. ಆ ಮೊಟ್ಟೆ ಮರಿಗಳಲ್ಲಿ ಡಿಡಿಟಿ ಕೀಟನಾಶಕದ ಅಂಶ ಪತ್ತೆಯಾಯಿತು. 1968ರಲ್ಲಿ ಅವರು ಚಾರ್ಲ್ಸ್ ವುರ್‌ಸ್ಟರ್ ಎಂಬ ವಿಜ್ಞಾನಿಯ ಜೊತೆಗೂಡಿ 'ಸೈನ್ಸ್' ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಹತ್ತು ವರ್ಷಗಳಿಂದ ಮರಿಗಳ ಪ್ರಮಾಣ ವರ್ಷಕ್ಕೆ ಶೇಕಡಾ 3.25ರಂತೆ ಇಳಿಯುತ್ತಿದೆ, ಹೀಗೆಯೇ ಮುಂದುವರಿದರೆ 1978ರ ಹೊತ್ತಿಗೆ ಒಂದು ಮರಿಯೂ ಹುಟ್ಟದು ಎಂಬುದು ಅದರ ಸಾರ. ನಡುಗಡಲಿನಲ್ಲಿ ಮೇಯುವ ಈ ಹಕ್ಕಿ ಯಾವ ಹೊಲಕ್ಕೂ ಇಳಿದದ್ದಲ್ಲ. ಯಾರದೋ ಹೊಲಕ್ಕೆ ಸಿಂಪಡಿಸಿದ ವಿಷ ಸಾಗರದ ಆಹಾರ ಸರಪಳಿಯ ಮೂಲಕ ಅದರ ಮೊಟ್ಟೆಯನ್ನು ಸೇರಿತ್ತು. 1972ರಲ್ಲಿ ಅಮೆರಿಕ ಕೃಷಿಯಲ್ಲಿ ಡಿಡಿಟಿ ಬಳಕೆಯನ್ನು ನಿಷೇಧಿಸಿತು. ಆ ನಿರ್ಧಾರದ ಹಿಂದೆ ಇದ್ದ ಅನೇಕ ಸಾಕ್ಷ್ಯಗಳ ನಡುವೆ ಈ ಬಡ ಬಂಡೆಗಳ ಲೆಕ್ಕದ ಪುಸ್ತಕವೂ ಒಂದಾಗಿತ್ತು. ಪಾರುಪತ್ಯಗಾರನ ದಿನಚರಿ ಎಷ್ಟು ದೂರ ಸಾಗಬಲ್ಲದು!

ವಿವೇಕದ ಪರೀಕ್ಷೆ

ಕಾಯುವವನ ಕೈ ಸದಾ ಮೃದುವಾಗಿರಲು ಸಾಧ್ಯವೇ? 1980ರ ದಶಕದ ಉತ್ತರಾರ್ಧದ ಒಂದು ಚಳಿಗಾಲದಲ್ಲಿ ದೂರದ ಉತ್ತರದಿಂದ ಹಿಮಗೂಬೆಯೊಂದು ದಾರಿತಪ್ಪಿ ಬಂದು ಕಹೌಗಳ ಬಂಡೆಗಳ ಬಳಿ ತಂಗಿತು. ಅದು ಅಪರೂಪದ, ನೋಡಲು ಮನೋಹರವಾದ ಪಕ್ಷಿ. ಆದರೆ ಅದು ಒಂದೊಂದಾಗಿ ಐದು ಕಹೌಗಳನ್ನು ತಿಂದುಹಾಕಿತು. ವಿಂಗೇಟ್ ಬಂದೂಕು ಹಿಡಿದು ಅದನ್ನು ಕೊಂದರು. ಬದುಕನ್ನೇ ಹಕ್ಕಿಗಳಿಗೆ ಮುಡಿಪಾಗಿಟ್ಟ ಮನುಷ್ಯನಿಗೆ ಅದು ಎಂಥ ಗಳಿಗೆಯಾಗಿದ್ದೀತು! ಆದರೆ ಹಿಮಗೂಬೆಯ ಕುಲ ಉತ್ತರದ ನಾಡುಗಳಲ್ಲೆಲ್ಲ ಹರಡಿದೆ. ಕಹೌವಿನ ಕುಲವೋ ಆ ಕೆಲವು ಬಂಡೆಗಳಲ್ಲೇ ಮುಗಿಯುತ್ತದೆ.

ತತ್ತ್ವಜ್ಞಾನಿ ಅರಿಸ್ಟಾಟಲನು ಬರಿಯ ಜ್ಞಾನವನ್ನೂ ವಿವೇಕವನ್ನೂ ಬೇರ್ಪಡಿಸಿ ಹೇಳಿದ್ದಾನೆ. ಯಾವುದು ಒಳ್ಳೆಯದೆಂದು ಸಾಮಾನ್ಯವಾಗಿ ತಿಳಿದಿರುವುದು ಜ್ಞಾನ. ಈ ಸ್ಥಳದಲ್ಲಿ, ಈ ಹೊತ್ತಿನಲ್ಲಿ, ಈ ಒಂದು ಸಂಗತಿಯ ಮುಂದೆ ಏನು ಮಾಡತಕ್ಕದ್ದೆಂದು ನಿರ್ಣಯಿಸುವುದು ವಿವೇಕ. ಮೊದಲನೆಯದು ಪುಸ್ತಕದಿಂದ ಬಂದೀತು. ಎರಡನೆಯದು ನೆಲದ ಮೇಲೆ ದಿನವೂ ನಡೆದವನಿಗೆ ಮಾತ್ರ ದಕ್ಕುತ್ತದೆ. ದೂರದಲ್ಲಿ ಕುಳಿತವರು ಗೂಬೆಗಾಗಿ ಮರುಗಬಹುದು. ಬಿಲಗಳನ್ನು ಒಂದೊಂದಾಗಿ ಬಲ್ಲವನಿಗೆ ಮರುಗುವುದರ ಜೊತೆಗೆ ನಿರ್ಧರಿಸುವ ಹೊಣೆಯೂ ಇತ್ತು.

ಈ ದುಡಿಮೆಗೆ ತೆತ್ತ ಬೆಲೆಯನ್ನು ಮರೆಯಲಾಗದು. 1970ರ ದಶಕದಲ್ಲಿ ವಿಂಗೇಟ್ ಅವರ ಪತ್ನಿ ಬೆಂಕಿಯ ಅವಘಡವೊಂದರಲ್ಲಿ ತೀರಿಕೊಂಡರು. ಪುಟ್ಟ ಹೆಣ್ಣುಮಕ್ಕಳ ಪೋಷಣೆಯ ಭಾರ ಒಂಟಿ ತಂದೆಯ ಮೇಲೆ ಬಿತ್ತು. ಆ ದುಃಖದಲ್ಲಿಯೂ ಅವರು ಹಕ್ಕಿಗಳ ಕೆಲಸವನ್ನು ಬಿಡಲಿಲ್ಲ.

ಬೀಗದ ಕೈ ಮತ್ತೊಬ್ಬರಿಗೆ

2000ದಲ್ಲಿ ವಿಂಗೇಟ್ ನಿವೃತ್ತರಾದರು. ನಾನ್‌ಸಚ್‌ನಲ್ಲಿ ಕಾಡು ಬೆಳೆದು ನಿಂತಿತ್ತು. ಮಣ್ಣಿನಲ್ಲಿ ಬಿಲ ತೋಡಬಹುದಿತ್ತು. ಆದರೆ ಕಹೌ ಮಾತ್ರ ಬಂದಿರಲಿಲ್ಲ. ಸುಮಾರು 40 ವರ್ಷ ಮನೆ ಕಟ್ಟಿದವನು ಮನೆಯ ಒಡೆಯ ಬರುವ ಮೊದಲೇ ಬೀಗದ ಕೈಯನ್ನು ಮತ್ತೊಬ್ಬರಿಗೆ ಒಪ್ಪಿಸಿ ಹೊರಟಂತಾಯಿತು. ಅದನ್ನು ಪಡೆದವರು ಜೆರೆಮಿ ಮಡೈರೋಸ್.

2003ರ ಸೆಪ್ಟೆಂಬರಿನಲ್ಲಿ 'ಫೇಬಿಯನ್' ಚಂಡಮಾರುತ ಬರ್ಮುಡಾಕ್ಕೆ ಬಡಿಯಿತು. ಅಲೆಗಳು ಬಂಡೆಗಳನ್ನೇ ಮುಳುಗಿಸಿ ಹಲವು ಬಿಲಗಳನ್ನು ಒಡೆದುಹಾಕಿದವು. ಹಕ್ಕಿಗಳು ಆಗ ದೂರ ಸಮುದ್ರದಲ್ಲಿದ್ದದ್ದರಿಂದ ಬದುಕುಳಿದವು. ಆದರೆ ಬಂಡೆಗಳನ್ನು ಇನ್ನು ನಂಬುವಂತಿಲ್ಲ ಎಂಬುದು ಸ್ಪಷ್ಟವಾಯಿತು. ಕಹೌವಿನ ಮರಿಗೆ ಒಂದು ವಿಶೇಷ ಗುಣವಿದೆ. ಹಾರುವ ಮೊದಲು ಕೆಲವು ರಾತ್ರಿ ಅದು ಬಿಲದಿಂದ ಹೊರಬಂದು ಸುತ್ತಲಿನ ನೆಲವನ್ನೂ ಆಕಾಶವನ್ನೂ ನೋಡಿ ಮನಸ್ಸಿನಲ್ಲಿ ಮುದ್ರಿಸಿಕೊಳ್ಳುತ್ತದೆ; ವರ್ಷಗಳ ನಂತರ ಅಲ್ಲಿಗೇ ಮರಳುತ್ತದೆ. ಆ ರಾತ್ರಿಗಳಿಗೆ ಮೊದಲೇ ಮರಿಗಳನ್ನು ಬಂಡೆಗಳಿಂದ ನಾನ್‌ಸಚ್‌ನ ಕೃತಕ ಬಿಲಗಳಿಗೆ ತಂದು, ಸಣ್ಣ ಮೀನು, ಬೊಂಡಾಸ್‌ಗಳನ್ನು ಕೈಯಾರೆ ತಿನ್ನಿಸಿ ಸಾಕಿದರೆ ಅವು ಈ ದ್ವೀಪವನ್ನೇ ತವರೆಂದು ತಿಳಿದಾವಲ್ಲವೇ? 2004ರಿಂದ 2008ರವರೆಗೆ ಮಡೈರೋಸ್ 100ಕ್ಕಿಂತ ಹೆಚ್ಚು ಮರಿಗಳನ್ನು ಹೀಗೆ ಸಾಗಿಸಿ ಹಾರಿಬಿಟ್ಟರು. ಹಾರಿದ ಮರಿ ಮೂರು ನಾಲ್ಕು ವರ್ಷ ನೆಲವನ್ನೇ ಮುಟ್ಟದು. ಅಲ್ಲಿಯವರೆಗೆ ಕಾಯುವುದೊಂದೇ ಕೆಲಸ.

2008ರಲ್ಲಿ ಮೊದಲ ಹಕ್ಕಿಗಳು ಮರಳಿದವು. 2009ರ ಬೇಸಿಗೆಯ ಆರಂಭದಲ್ಲಿ ನಾನ್‌ಸಚ್ ನೆಲದಲ್ಲಿಯೇ ಹುಟ್ಟಿದ ಮರಿಯೊಂದು ರೆಕ್ಕೆ ಬಿಚ್ಚಿ ಸಮುದ್ರಕ್ಕೆ ಹಾರಿತು. ಸುಮಾರು 400 ವರ್ಷಗಳಲ್ಲಿ ಆ ದ್ವೀಪ ಕಂಡ ಮೊದಲ ಕಹೌ ಮರಿ ಅದು. ವಿಂಗೇಟ್ ಅವರಿಗೆ ಆಗ 73 ವರ್ಷ.

ಮರ ನೆಟ್ಟವರು ಒಬ್ಬರು, ಮರಿ ತಂದವರು ಮತ್ತೊಬ್ಬರು. ಮೊದಲನೆಯವರ ಕಾಡಿಲ್ಲದೆ ಎರಡನೆಯವರ ಶ್ರಮಕ್ಕೆ ನೆಲೆಯಿರಲಿಲ್ಲ; ಎರಡನೆಯವರ ತಾಳ್ಮೆಯಿಲ್ಲದೆ ಮೊದಲನೆಯವರ ಕಾಡಿಗೆ ಅರ್ಥವಿರಲಿಲ್ಲ. ನಾವು ಸಾಮಾನ್ಯವಾಗಿ ಫಲ ಕಾಣುವ ಭರವಸೆಯಿದ್ದಲ್ಲಿ ಮಾತ್ರ ಬೆವರು ಸುರಿಸುತ್ತೇವೆ. ಮನೆಯಂಗಳದಲ್ಲಿ ಮಾವಿನ ಸಸಿ ನೆಡುವಾಗಲೂ ಎಷ್ಟು ವರ್ಷಕ್ಕೆ ಕಾಯಿ ಬಿಡುವುದೆಂದು ಕೇಳುತ್ತೇವೆ. ಆ ಪ್ರಶ್ನೆ ತಪ್ಪಲ್ಲ. ಆದರೆ ನಾವು ಇಂದು ಕುಳಿತಿರುವ ನೆರಳು, ಆ ಪ್ರಶ್ನೆಯನ್ನು ಕೇಳದೆ ಗುದ್ದಲಿ ಹಿಡಿದವರ ಕೊಡುಗೆ ಎಂಬುದನ್ನು ಮಾತ್ರ ಮರೆಯಬಾರದು. ಅಪ್ಪನ ಆಸ್ತಿಯನ್ನು ಹಂಚಿಕೊಳ್ಳುವ ದಿನ ನಾವೆಲ್ಲರೂ ಒಡೆಯರು. ಅದನ್ನು ಮಕ್ಕಳಿಗೆ ಬಿಟ್ಟುಹೋಗುವ ದಿನ ಮಾತ್ರ ನಾವು ಇದ್ದದ್ದು ಪಾರುಪತ್ಯಗಾರರಾಗಿ ಎಂಬುದು ಹೊಳೆಯುತ್ತದೆ.

18 ಜೋಡಿಗಳಿಂದ ಆರಂಭವಾದ ಲೆಕ್ಕ 2010ರ ದಶಕದಲ್ಲಿ 100ನ್ನು ದಾಟಿತು. ಈಚಿನ ವರ್ಷಗಳಲ್ಲಿ 150ರ ಸುತ್ತಮುತ್ತ ಬಂದಿದೆ. ಅದು ಇನ್ನೂ ಸಣ್ಣ ಸಂಖ್ಯೆಯೇ. ಸಮುದ್ರ ಏರುತ್ತಿದೆ, ಇಲಿಯೊಂದು ಈಜಿ ಬಂದರೂ ಅಪಾಯ. ಆದ್ದರಿಂದ ಜನವರಿಯಿಂದ ಜೂನ್‌ವರೆಗೆ ಇಂದಿಗೂ ಅಲ್ಲಿ ದೋಣಿ ಹೊರಡುತ್ತದೆ, ಬಿಲಗಳನ್ನು ಒಂದೊಂದಾಗಿ ಇಣುಕಿ ನೋಡಲಾಗುತ್ತದೆ, ಮರಿಗಳನ್ನು ತೂಗಿ ಬರೆದಿಡಲಾಗುತ್ತದೆ. ಲೆಕ್ಕದ ಪುಸ್ತಕ ಇನ್ನೂ ಮುಚ್ಚಿಲ್ಲ.